ಏಲಿಯನ್ ಕಂಡ ಸಾಕ್ಷಿಗೆ ಪಾಟೀ ಸವಾಲು: ಟಿಳಕವಾಡಿಯ ಭಾನುವಾರದ ಕೋರ್ಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಫೀ 1,500 ರೂಪಾಯಿ. ಚಹಾ, ನೋಟ್ಸ್ ಎರಡೂ ಅದರಲ್ಲೇ ಸೇರಿವೆ. ಚಹಾ ಚೆನ್ನಾಗಿದೆ. ನೋಟ್ಸ್ ಬಗ್ಗೆ ದೊಡ್ಡ ತಕರಾರಿದೆ, ಕೆಳಗೆ ಬರೆದಿದ್ದೇನೆ. ಐದಕ್ಕೆ ಮೂರೂವರೆ ಸ್ಟಾರ್.

ಬೆಳಗಾವಿಯ ಟಿಳಕವಾಡಿಯಲ್ಲಿ, ಆರ್‌ಪಿಡಿ ಕ್ರಾಸ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಹಡಿ ಮೇಲಿನ ಒಂದು ಹಾಲ್‌ನಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಕೋರ್ಸ್ ಇದು. ಸಾಕ್ಷಿ ಹೇಳಿದ್ದನ್ನು ಕೋರ್ಟ್ ಹೇಗೆ ತೂಗಿ ನೋಡುತ್ತದೆ ಅನ್ನೋದು ವಿಷಯ. ವಿಶೇಷ ಏನಪ್ಪಾ ಅಂದರೆ, ಉದಾಹರಣೆಗಳೆಲ್ಲ ಹಾರುವ ತಟ್ಟೆ ಮತ್ತು ಏಲಿಯನ್‌ಗಳದ್ದು. ನಡೆಸುವವರು ಇಬ್ಬರು. ಒಬ್ಬರು ಪ್ರಾಕ್ಟೀಸ್ ಬಿಟ್ಟ ಹಿರಿಯ ಕ್ರಿಮಿನಲ್ ವಕೀಲರು, ಇನ್ನೊಬ್ಬರು ಸೈಕಾಲಜಿ ಪಾಠ ಮಾಡುವ ಮೇಡಂ. ಸಂಸ್ಥೆಯ ಹೆಸರು ಹಾಕುವುದಿಲ್ಲ, ಏಕೆಂದರೆ ಬೈಯುವ ಭಾಗವೂ ಇದೆ.

ನಾನು ವಕೀಲನಲ್ಲ. ಕೋರ್ಟ್ ಹತ್ತಿರ ಟೈಪಿಂಗ್, ಝೆರಾಕ್ಸ್ ಅಂಗಡಿ ನನ್ನದು. ಬೆಳಗ್ಗಿಂದ ಸಂಜೆವರೆಗೆ ಅಫಿಡವಿಟ್, ತಕರಾರು ಅರ್ಜಿ, ಬಾಡಿಗೆ ಕರಾರು ಇವೇ ಕೆಲಸ. 'ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ' ಅಂತ ಟೈಪ್ ಮಾಡಿ ಮಾಡಿ ಕೀಬೋರ್ಡ್ ಮೇಲಿನ ಅಕ್ಷರ ಅಳಿಸಿ ಹೋಗಿವೆ. ಹಾಗಾಗಿ ಪ್ರಮಾಣ ಮಾಡಿ ಹೇಳಿದ ಆ ಮಾತು ಒಳಗೆ ಹೋದಮೇಲೆ ಏನಾಗುತ್ತದೆ ಅನ್ನೋ ಕುತೂಹಲ ಇತ್ತು, ನಮ್ಮಲ್ಲಿಗೆ ಬರುವ ಒಬ್ಬ ಜೂನಿಯರ್ ವಕೀಲರು ಹೇಳಿದರು ಅಂತ ಸೇರಿಕೊಂಡೆ.

ಏಲಿಯನ್ ಯಾಕೆ ಅಂತ ಮೊದಲ ಕ್ಲಾಸಲ್ಲೇ ಒಬ್ಬರು ಕೇಳಿದರು. ವಕೀಲರ ಉತ್ತರ ನನಗೆ ಹಿಡಿಸಿತು. ಹೊಲದ ಬಾಂದು ಒತ್ತಿದ ಕೇಸ್ ತಗೊಂಡರೆ ಕೂತವರಲ್ಲಿ ಅರ್ಧ ಜನ ಅಣ್ಣನ ಕಡೆ, ಅರ್ಧ ಜನ ತಮ್ಮನ ಕಡೆ ಆಗಿಬಿಡುತ್ತಾರೆ. ಕೊಲೆ ಕೇಸ್ ಅಂದರೆ ಊರು, ಜಾತಿ, ಪಾರ್ಟಿ ಎಲ್ಲ ಬಂದು ಕೂರುತ್ತವೆ. ಏಲಿಯನ್ ಯಾರಿಗೂ ಬೀಗರಲ್ಲ. ಸಾಕ್ಷಿ ಏನು ಹೇಳಿದ ಅನ್ನೋದನ್ನಷ್ಟೇ ನೋಡಬಹುದು.

ಅದಾದ ಮೇಲೆ ಅವರು ಬೋರ್ಡ್ ಮೇಲೆ ಬರೆದದ್ದು ಒಂದೇ ಸಾಲು. ಏಲಿಯನ್ ಇದೆಯೋ ಇಲ್ಲವೋ ಅಂತ ಯಾವ ಕೋರ್ಟೂ ಕೇಳಿಕೊಂಡು ಕೂರುವುದಿಲ್ಲ. ಕೋರ್ಟ್ ಕೇಳುವುದು, ನೀನು ಬೇಡುತ್ತಿರುವ ಪರಿಹಾರ ಕೊಡಲು ಯಾವ ಸಂಗತಿ ಸಾಬೀತಾಗಬೇಕು, ಅದು ಆಗಿದೆಯಾ? ಇದಕ್ಕೆ ಅವರು ಕೊಟ್ಟ ಕೇಸ್ ಅಮೆರಿಕದ್ದು. 1980ರ ಡಿಸೆಂಬರ್ 29ರ ರಾತ್ರಿ ಟೆಕ್ಸಾಸ್‌ನ ಹಫ್‌ಮನ್ ಹತ್ತಿರದ ರಸ್ತೆಯಲ್ಲಿ ಬೆಟ್ಟಿ ಕ್ಯಾಶ್, ವಿಕಿ ಲ್ಯಾಂಡ್ರಮ್ ಮತ್ತು ವಿಕಿಯ ಏಳು ವರ್ಷದ ಮೊಮ್ಮಗ ಕಾರಲ್ಲಿ ಬರುತ್ತಿದ್ದರು. ವಜ್ರದ ಆಕಾರದ, ಬೆಂಕಿ ಉಗುಳುವ ಏನೋ ಒಂದು ರಸ್ತೆ ಮೇಲೆ ತೇಲುತ್ತಿತ್ತು, ಅದರ ಸುತ್ತ 23 ಹೆಲಿಕಾಪ್ಟರ್ ಇದ್ದವು ಅಂತ ಹೇಳಿದರು. ಆಮೇಲೆ ವಾಂತಿ, ಮೈಮೇಲೆ ಗುಳ್ಳೆ, ಕೂದಲು ಉದುರುವುದು. ಹೆಲಿಕಾಪ್ಟರ್ ಇತ್ತು ಅಂದರೆ ಸರ್ಕಾರದ್ದೇ ಇರಬೇಕು ಅಂತ ಅಮೆರಿಕ ಸರ್ಕಾರದ ಮೇಲೆ 2 ಕೋಟಿ ಡಾಲರ್ ದಾವೆ ಹೂಡಿದರು. 1986ರಲ್ಲಿ ದಾವೆ ವಜಾ ಆಯಿತು.

ಇಲ್ಲಿ ಗಮನಿಸಬೇಕಾದ್ದು ಯಾವ ಕಾರಣಕ್ಕೆ ವಜಾ ಆಯಿತು ಅನ್ನೋದು. ನೀವು ಸುಳ್ಳು ಹೇಳುತ್ತೀರಿ ಅಂತ ಅಲ್ಲ. ಅಂಥದ್ದು ಆಕಾಶದಲ್ಲಿ ಇರಲು ಸಾಧ್ಯವೇ ಇಲ್ಲ ಅಂತಲೂ ಅಲ್ಲ. ಆ ಹೆಲಿಕಾಪ್ಟರ್‌ಗಳಾಗಲಿ ಆ ವಸ್ತುವಾಗಲಿ ಸರ್ಕಾರದ್ದು ಅಂತ ತೋರಿಸಲು ಆಗಲಿಲ್ಲ. ಪ್ರತಿವಾದಿಗೂ ಘಟನೆಗೂ ಗಂಟು ಬೀಳಲಿಲ್ಲ, ಮುಗೀತು. ನಮ್ಮ ಅಂಗಡಿಗೆ ಬರುವ ಎಷ್ಟೋ ಜನರ ಕಥೆ ಇದೇ. ನೋವು ನಿಜ, ಆಸ್ಪತ್ರೆ ಬಿಲ್ಲು ನಿಜ, ಆದರೆ ಗುದ್ದಿದ ಟ್ರ್ಯಾಕ್ಟರ್ ಯಾರದ್ದು ಅನ್ನೋದಕ್ಕೆ ಒಂದು ಚೀಟಿ ಇರುವುದಿಲ್ಲ.

ಎರಡನೇ ಪಾಠ ಕೇಳಿದ ಮಾತು ಮತ್ತು ಕಂಡ ಮಾತು. ಇದು ಕೋರ್ಸಿನ ಅತ್ಯುತ್ತಮ ಭಾಗ ಅಂತ ನನ್ನ ಅಭಿಪ್ರಾಯ. 2023ರ ಜುಲೈ 26ರಂದು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಮೂವರು ಪ್ರಮಾಣ ಮಾಡಿ ಹೇಳಿಕೆ ಕೊಟ್ಟರಲ್ಲ, ಟಿವಿಯಲ್ಲಿ ದಿನವಿಡೀ ಓಡಿತು. ಅವರಲ್ಲಿ ಡೇವಿಡ್ ಗ್ರಶ್ ಅನ್ನೋರು ವಾಯುಪಡೆಯ ಗುಪ್ತಚರ ವಿಭಾಗದಲ್ಲಿ ಇದ್ದವರು. ಸರ್ಕಾರದ ಹತ್ತಿರ ಬೇರೆ ಲೋಕದ ವಾಹನ ಇವೆ ಎಂಬ ಧಾಟಿಯಲ್ಲಿ ಮಾತಾಡಿದರು. ಆಧಾರ ಏನು? ನಾಲ್ಕು ವರ್ಷದಲ್ಲಿ 40ಕ್ಕೂ ಹೆಚ್ಚು ಜನರನ್ನು ವಿಚಾರಿಸಿದ್ದೇನೆ, ಅವರು ಹೇಳಿದರು ಅಂತ. ತಾವು ಕಣ್ಣಾರೆ ಕಂಡಿಲ್ಲ. ಅದೇ ಮೇಜಿನಲ್ಲಿ ಕೂತಿದ್ದ ಡೇವಿಡ್ ಫ್ರೇವರ್ ನೌಕಾಪಡೆಯ ಪೈಲಟ್ ಆಗಿದ್ದವರು. 2004ರಲ್ಲಿ ಕ್ಯಾಲಿಫೋರ್ನಿಯಾ ತೀರದಾಚೆ ಬಿಳೀ ಬಣ್ಣದ, ರೆಕ್ಕೆ ಇಲ್ಲದ ಒಂದು ವಸ್ತುವನ್ನು ತಾವೇ ನೋಡಿದೆ ಅಂದರು.

ಈಗ ಇಬ್ಬರನ್ನೂ ಬೆಳಗಾವಿ ಸೆಷನ್ಸ್ ಕೋರ್ಟಿನ ಕಟಕಟೆಗೆ ತನ್ನಿ ಅಂದರು ವಕೀಲರು. ಹೊಸ ಸಾಕ್ಷ್ಯ ಕಾನೂನು, ಅಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೇ ಕಲಮು, ಬಾಯಿ ಸಾಕ್ಷ್ಯ ಯಾವಾಗಲೂ ನೇರವಾಗಿರಬೇಕು ಅನ್ನುತ್ತದೆ. ನೋಡುವ ವಿಷಯ ಆದರೆ ನೋಡಿದವನೇ ಬಂದು ಹೇಳಬೇಕು. ಫ್ರೇವರ್ ಸಾಕ್ಷಿ ಹೇಳಬಹುದು, ನಂಬೋದು ಬಿಡೋದು ಆಮೇಲಿನ ಮಾತು. ಗ್ರಶ್ ಬಾಯಿ ತೆರೆದ ತಕ್ಷಣ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ನಲವತ್ತು ಜನ ಹೇಳಿದರು ಅಂದರೆ ಆ ನಲವತ್ತು ಜನರನ್ನೇ ಕರೆಸಿ, ಪಾಟೀ ಸವಾಲು, ಅಂದರೆ ಎದುರು ವಕೀಲರ ಅಡ್ಡಪ್ರಶ್ನೆ, ಮಾಡೋದು ಅವರಿಗೆ. ಮುಂದಿನ ವರ್ಷ, 2024ರ ಮಾರ್ಚ್‌ನಲ್ಲಿ, ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಹಳೆ ದಾಖಲೆಗಳನ್ನೆಲ್ಲ ಜಾಲಾಡಿ, ಬೇರೆ ಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲ ಅಂತ ವರದಿ ಕೊಟ್ಟಿತು. ಹಲವು ಕಥೆಗಳು ಒಬ್ಬರಿಂದೊಬ್ಬರಿಗೆ ಹೋಗಿ ಸುತ್ತಿ ಬಂದವು ಅಂತಲೂ ಅದರಲ್ಲಿ ಇತ್ತು. ನಮ್ಮ ವಾಟ್ಸಾಪ್ ಗ್ರೂಪ್‌ಗಳ ಕಥೆ ಬೇರೆನಾ?

ಇಲ್ಲಿ ಕ್ಲಾಸ್ ಸ್ವಲ್ಪ ಹಳಿ ತಪ್ಪಿತು. ಅರ್ಧ ಗಂಟೆ ವಿಡಿಯೋ ತೋರಿಸಿದರು, ನೆಟ್ ಸುತ್ತುತ್ತಾ ಕೂತಿತು, ಸೌಂಡ್ ಬರಲಿಲ್ಲ. ಸುಮ್ನೆ ಬಾಯಲ್ಲಿ ಹೇಳಿದ್ದರೆ ಐದು ನಿಮಿಷದ ಮಾತು.

ಇನ್ನು ಪ್ರಾಕ್ಟಿಕಲ್. ನಮ್ಮ ಬ್ಯಾಚಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಒಬ್ಬ ಇದ್ದ. ಅನಗೋಳದ ತನ್ನ ಮನೆ ಮಾಳಿಗೆ ಮೇಲಿಂದ ರಾತ್ರಿ ಒಂದು ವಿಚಿತ್ರ ಬೆಳಕು ನೋಡಿದ್ದೇನೆ ಅಂತ ಮೊದಲ ದಿನವೇ ಹೇಳಿಕೊಂಡಿದ್ದ. ತಮಾಷೆಗಲ್ಲ, ನಿಜವಾಗಿ ನಂಬಿದ್ದ. ವಕೀಲರು ಅವನನ್ನೇ ಕಟಕಟೆಗೆ, ಅಂದರೆ ಬೋರ್ಡ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಕರೆದರು. ಧ್ವನಿ ಏರಿಸಲಿಲ್ಲ, ಮನೆ ಹುಡುಗನ ಹತ್ತಿರ ಮಾತಾಡಿದ ಹಾಗೇ ಕೇಳುತ್ತಾ ಹೋದರು.

"ಎಷ್ಟೊತ್ತು ನೋಡಿದ್ಯೋ ತಮ್ಮಾ?"

"ಹತ್ತು ನಿಮಿಷ ಆಗಿರಬೇಕ್ರಿ ಸರ್."

"ಮೊಬೈಲ್ ಕೈಯಾಗ ಇತ್ತಾ?"

"ಇತ್ರಿ."

"ಹತ್ತು ನಿಮಿಷದಾಗ ಒಂದು ಫೋಟೋ ತಗೀಲಿಲ್ಲ?"

"ತಗೀಬೇಕಂತ ಹೊಳೀಲಿಲ್ರಿ. ನೋಡ್ತಾ ನಿಂತೆ."

"ಆಯ್ತು ಬಿಡು. ಕಣ್ಣು ಮುಚ್ಚು. ಒಂದು ನಿಮಿಷ ಆತು ಅನಿಸಿದಾಗ ಹೇಳು."

ವಕೀಲರು ವಾಚ್ ಬಿಚ್ಚಿ ಮೇಜಿನ ಮೇಲಿಟ್ಟರು. ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ. ಹುಡುಗ ತುಟಿಯಲ್ಲೇ ಎಣಿಸುತ್ತಿದ್ದ, ಬೆರಳು ತೊಡೆ ಮೇಲೆ ಬಡಿಯುತ್ತಿತ್ತು. "ಆಯ್ತ್ರಿ" ಅಂದಾಗ ವಾಚಲ್ಲಿ ಆಗಿದ್ದು 38 ಸೆಕೆಂಡ್. ಆರಾಮಾಗಿ ಕುರ್ಚಿಯಲ್ಲಿ ಕೂತು, ಎಣಿಸಿಕೊಂಡೇ ಇಷ್ಟು ವ್ಯತ್ಯಾಸ. ಕತ್ತಲಲ್ಲಿ, ಎದೆ ಡವಡವ ಅನ್ನುತ್ತಿರುವಾಗ ಎಷ್ಟು ಆಗಬೇಡ ಹೇಳಿ.

"ಇನ್ನೊಂದು ಕೇಳ್ತೀನಿ. ಬೆಳಕು ಯಾವ ದಿಕ್ಕಿಗೆ ಕಾಣ್ತು?"

"ಸಾಂಬ್ರಾ ಕಡೀಗ್ರಿ."

ಹಾಲ್ ತುಂಬಾ ನಗು. ಹೊರಗಿನವರಿಗೆ ಹೇಳಬೇಕು ಅಂದರೆ, ಸಾಂಬ್ರಾದಲ್ಲಿ ನಮ್ಮ ವಿಮಾನ ನಿಲ್ದಾಣ ಇದೆ. ಇಳಿಯಲು ಬರುವ ವಿಮಾನ ನಮ್ಮ ಕಡೆಗೇ ಮುಖ ಮಾಡಿದ್ದರೆ ಅದರ ದೀಪ ಬಹಳ ಹೊತ್ತು ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ, ಆಮೇಲೆ ಸಟ್ಟನೆ ಮಾಯ.

ಮೇಡಂ ಎದ್ದು ನಗುವವರನ್ನು ನಿಲ್ಲಿಸಿದರು. ಈ ಹುಡುಗ ಒಂದು ಮಾತೂ ಸುಳ್ಳು ಹೇಳಿಲ್ಲ ಅಂದರು. ಬೆಳಕು ಕಂಡಿದ್ದು ನಿಜ, ಅಲುಗಾಡದೆ ನಿಂತಿದ್ದು ನಿಜ, ಹೆದರಿದ್ದು ನಿಜ. ವಿಮಾನ ಅಲ್ಲ ಅನ್ನೋದು ಮಾತ್ರ ಅವನು ಕಂಡದ್ದಲ್ಲ, ತೀರ್ಮಾನ ಮಾಡಿದ್ದು. ಸಾಕ್ಷಿಯ ಕೆಲಸ ಕಂಡದ್ದನ್ನು ಹೇಳೋದು. ಅದು ಏನು ಅಂತ ಹೇಳಲು ತಜ್ಞರು ಬೇಕು, ಅದಕ್ಕೆ 39ನೇ ಕಲಮು ಬೇರೆ ಇದೆ. ಹುಡುಗನಿಗೆ ಸ್ವಲ್ಪ ಮುಖ ಬಾಡಿತ್ತು, ಚಹಾ ಹೊತ್ತಿಗೆ ವಕೀಲರೇ ಹೆಗಲ ಮೇಲೆ ಕೈ ಹಾಕಿ ಕರಕೊಂಡು ಹೋದರು.

ಇಲ್ಲಿಗೇ ನಿಲ್ಲಿಸಿದ್ದರೆ ಸಾಕ್ಷಿಗಳೆಲ್ಲ ಬೋಗಸ್ ಅಂದುಕೊಂಡು ಮನೆಗೆ ಹೋಗುತ್ತಿದ್ದೆವು. ಚಹಾ ಆದಮೇಲೆ ಅದಕ್ಕೆ ಉಲ್ಟಾ ಪಾಠ. 1983ರ ಭರವಾಡ ಭೋಗಿನ್‌ಭಾಯ್ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟ್ ಏನು ಹೇಳಿದೆ ಅಂದರೆ, ಸಾಕ್ಷಿಯ ತಲೆಯಲ್ಲಿ ವಿಡಿಯೋ ಟೇಪ್ ಇರುವುದಿಲ್ಲ, ಫೋಟೋ ತೆಗೆದ ಹಾಗೆ ನೆನಪು ಇರಬೇಕು ಅಂತ ಬಯಸಬೇಡಿ. ಟೈಮ್ ಎಷ್ಟು ಅಂತ ಕೇಳಿದರೆ ಜನ ಅಂದಾಜಿಗೆ ಹೇಳುತ್ತಾರೆ, ಒಬ್ಬೊಬ್ಬರ ಅಂದಾಜು ಒಂದೊಂದು ತರ. ಕೋರ್ಟಿನ ವಾತಾವರಣಕ್ಕೆ, ವಕೀಲರ ಚುಚ್ಚು ಪ್ರಶ್ನೆಗೆ ಗಾಬರಿಯಾಗಿ ತಡಬಡಾಯಿಸುತ್ತಾರೆ. ಅಂಥ ಸಣ್ಣಪುಟ್ಟ ವ್ಯತ್ಯಾಸ ಹಿಡಿದುಕೊಂಡು ಇಡೀ ಸಾಕ್ಷ್ಯ ಬಿಸಾಡಬಾರದು. ಹತ್ತು ನಿಮಿಷ ಅಂದವನು ಆರು ನಿಮಿಷ ನೋಡಿದ್ದರೆ ಅವನು ಸುಳ್ಳುಗಾರ ಆಗುವುದಿಲ್ಲ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತೀವಲ್ಲ, ಸಾಕ್ಷಿ ವಿಷಯದಲ್ಲಿ ನಮ್ಮ ಕೋರ್ಟ್ ಹಾಗೆ ನೋಡುವುದಿಲ್ಲ. ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಅನ್ನೋ ಹಳೇ ಲ್ಯಾಟಿನ್ ಸೂತ್ರ ಇಲ್ಲಿ ಕಡ್ಡಾಯ ಅಲ್ಲ, ಬರೀ ಎಚ್ಚರಿಕೆಗೆ ಇಟ್ಟುಕೊಳ್ಳಿ ಅಂತ 1957ರ ನಿಸಾರ್ ಅಲಿ ಕೇಸಲ್ಲೇ ಆಗಿದೆ. ಅದೇ ವರ್ಷದ ವಡಿವೇಲು ತೇವರ್ ಕೇಸಲ್ಲಿ ಸಾಕ್ಷಿಗಳನ್ನು ಮೂರು ತರ ಮಾಡಿದರು. ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡೂ ಅಲ್ಲದವರು. ಮೊದಲನೆಯವರು ಒಬ್ಬರೇ ಇದ್ದರೂ ಸಾಕು. ಮೂರನೆಯವರಿಗೆ ಬೇರೆ ಪುರಾವೆಯ ಬೆಂಬಲ ಬೇಕು. ಏಲಿಯನ್ ಸಾಕ್ಷಿಗಳು ಹೆಚ್ಚು ಕಡಿಮೆ ಎಲ್ಲರೂ ಮೂರನೆಯ ಬೆಂಚಲ್ಲಿ ಕೂರುವವರು, ನಮ್ಮ ನಿಮ್ಮಂಥವರೂ ಅಷ್ಟೇ.

ಇಂತಿಷ್ಟೇ ಸಾಕ್ಷಿ ಇರಬೇಕು ಅಂತ ಕಾನೂನಲ್ಲಿ ಇಲ್ಲ (139ನೇ ಕಲಮು). ತಲೆ ಎಣಿಸಬೇಡಿ ಅನ್ನೋದಕ್ಕೆ ಮೇಡಂ ಕೊಟ್ಟದ್ದು ದಿಲ್ಲಿಯ ಮಂಕಿಮ್ಯಾನ್. 2001ರ ಮೇ ತಿಂಗಳು, ರಾತ್ರಿ ಕರೆಂಟ್ ಹೋದಾಗ ಜನ ಮಾಳಿಗೆ ಮೇಲೆ ಮಲಗುತ್ತಿದ್ದ ಹೊತ್ತು. ಕೋತಿಯಂಥ ಮನುಷ್ಯ ಬಂದು ಪರಚಿದ ಅಂತ ಪೊಲೀಸರಿಗೆ ನೂರಾರು ಫೋನ್. ಒಬ್ಬರ ಪ್ರಕಾರ ಹೆಲ್ಮೆಟ್ ಇತ್ತು, ಒಬ್ಬರ ಪ್ರಕಾರ ಕೆಂಪು ಕಣ್ಣು, ಒಬ್ಬರ ಪ್ರಕಾರ ಕಬ್ಬಿಣದ ಉಗುರು. ಕೊನೆಗೆ ಅಂಥ ಪ್ರಾಣಿ ಇರಲೇ ಇಲ್ಲ, ಭಯ ಹಬ್ಬಿದ್ದು ಅಂತ ತೀರ್ಮಾನ ಆಯಿತು. ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಬರೆದದ್ದು ನೆನಪಿದೆಯಲ್ವಾ? ನನ್ನ ಸೋದರತ್ತೆ ಮನೆ ಬಾಗಿಲಲ್ಲಿ ಸುಣ್ಣದ ಅಕ್ಷರ ವರ್ಷಗಟ್ಟಲೆ ಇತ್ತು, ಕರೆಯದೇ ಬಂದ ನೆಂಟರೂ ಅದನ್ನು ನೋಡಿ ನಗುತ್ತಿದ್ದರು.

ಇದೇ ಜಾಗದಲ್ಲಿ ಜಿಂಬಾಬ್ವೆಯ ಶಾಲೆಯ ಪ್ರಸಂಗವೂ ಬಂತು. 1994ರ ಸೆಪ್ಟೆಂಬರ್ 16, ರೂವಾ ಅನ್ನೋ ಊರಿನ ಏರಿಯಲ್ ಶಾಲೆಯ ಸುಮಾರು 60 ಮಕ್ಕಳು ಆಟದ ಬಯಲಿನಾಚೆ ಹೊಳೆಯುವ ವಸ್ತು ಇಳಿಯಿತು, ಕಪ್ಪು ಬಟ್ಟೆಯ ಜೀವಿಗಳು ಇದ್ದವು ಅಂದರು. ಮಕ್ಕಳು ಅಂದ ಮಾತ್ರಕ್ಕೆ ಸಾಕ್ಷಿ ಆಗಬಾರದು ಅಂತ ಇಲ್ಲ, ಪ್ರಶ್ನೆ ಅರ್ಥ ಮಾಡಿಕೊಂಡು ಸರಿಯಾಗಿ ಉತ್ತರ ಕೊಡುವಷ್ಟು ತಿಳಿವಳಿಕೆ ಇದ್ದರೆ ಸಾಕು. ಆದರೆ ವಿಚಾರಿಸುವವರು ಬರುವಷ್ಟರಲ್ಲಿ ಮಕ್ಕಳು ತಮ್ಮೊಳಗೆ ಮಾತಾಡಿಕೊಂಡಿರುತ್ತಾರೆ, ದೊಡ್ಡವರು ಪ್ರಶ್ನೆ ಕೇಳಿರುತ್ತಾರೆ. ಆಗ 60 ಸಾಕ್ಷಿ ಇದ್ದಾರಾ, ಒಂದೇ ಕಥೆಯ 60 ಪ್ರತಿ ಇದೆಯಾ ಅಂತ ಬಿಡಿಸೋದು ಕಷ್ಟ. ಇದು ನನಗೆ ಅಂಗಡಿಯಿಂದಲೇ ಗೊತ್ತು. ಒಬ್ಬರ ಅಫಿಡವಿಟ್ ಟೈಪ್ ಮಾಡಿದ ಮೇಲೆ, "ಅದರಾಗ ಹೆಸರು ಅಷ್ಟ ಬದಲ ಮಾಡಿ ಇನ್ನ ಮೂರು ತಗೀರಿ" ಅಂತಾರೆ. ನಾಲ್ಕರಲ್ಲೂ ಅದೇ ವಾಕ್ಯ, ಅದೇ ಅಲ್ಪವಿರಾಮ, ಒಂದು ಕಾಗುಣಿತ ತಪ್ಪಿದ್ದರೆ ಅದೂ ನಾಲ್ಕರಲ್ಲಿ. ಎದುರು ವಕೀಲರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಾ?

ಪ್ರಾಮಾಣಿಕತೆ ಬಗ್ಗೆ ಮೇಡಂ ತಗೊಂಡ ಕ್ಲಾಸ್ ನನ್ನನ್ನು ಬಹಳ ಕಾಡಿತು. 1973ರ ಅಕ್ಟೋಬರ್ 11ರಂದು ಮಿಸಿಸಿಪ್ಪಿಯ ಪ್ಯಾಸ್ಕಗೂಲಾದಲ್ಲಿ ಮೀನು ಹಿಡಿಯುತ್ತಿದ್ದ ಇಬ್ಬರು, ಚಾರ್ಲ್ಸ್ ಹಿಕ್ಸನ್ ಮತ್ತು ಕ್ಯಾಲ್ವಿನ್ ಪಾರ್ಕರ್, ನಮ್ಮನ್ನು ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡಿದರು ಅಂತ ಪೊಲೀಸರ ಹತ್ತಿರ ಬಂದರು. ಪೊಲೀಸರು ಒಂದು ಉಪಾಯ ಮಾಡಿದರು. ಇಬ್ಬರನ್ನೇ ಕೋಣೆಯಲ್ಲಿ ಬಿಟ್ಟು, ಗೊತ್ತಾಗದ ಹಾಗೆ ರೆಕಾರ್ಡ್ ಹಾಕಿದರು. ನಾಟಕ ಆಗಿದ್ದರೆ ಒಬ್ಬರಿಗೊಬ್ಬರು ಕಣ್ಣು ಹೊಡೆದು ನಗಬೇಕಿತ್ತು. ಅವರು ಹೆದರಿಕೊಂಡೇ ಮಾತಾಡುತ್ತಿದ್ದರು. 2004ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಮೆಕ್‌ನ್ಯಾಲಿ ಮತ್ತು ಜೊತೆಯವರು, ಏಲಿಯನ್ ನನ್ನನ್ನು ಒಯ್ದಿತ್ತು ಅನ್ನುವವರಿಗೆ ಅವರದೇ ಅನುಭವ ಓದಿ ಕೇಳಿಸಿ ಎದೆಬಡಿತ, ಬೆವರು ಎಲ್ಲ ಅಳೆದರು. ಯುದ್ಧದಂಥ ನಿಜವಾದ ಆಘಾತ ಕಂಡವರ ಮೈ ಹೇಗೆ ನಡುಗುತ್ತದೋ ಹಾಗೇ ಇವರದ್ದೂ. ಹಾಗಾದರೆ ಕಟಕಟೆಯಲ್ಲಿ ಅತ್ತಿದ್ದಾಳೆ, ಕೈ ನಡುಗಿದೆ, ಅದಕ್ಕೇ ನಿಜ ಅನ್ನೋ ವಾದ ಎಷ್ಟು ಗಟ್ಟಿ? ಅಳದವರು ಸುಳ್ಳು ಹೇಳುತ್ತಾರೆ ಅನ್ನೋದೂ ಅಷ್ಟೇ ಟೊಳ್ಳು. ನಿದ್ದೆಯಿಂದ ಅರ್ಧ ಎಚ್ಚರವಾದಾಗ ಮೈ ಅಲ್ಲಾಡದೆ, ಎದೆ ಮೇಲೆ ಯಾರೋ ಕೂತಂತೆ ಆಗೋದು ನಮ್ಮಲ್ಲಿ ದೆವ್ವದ ಖಾತೆಗೆ ಹೋಗುತ್ತದೆ, ಅಲ್ಲಿ ಏಲಿಯನ್ ಖಾತೆಗೆ, ಅಂತ ಮೇಡಂ ಹೇಳಿದರು. ಅದಾದ ಮೇಲೆ ಕ್ಲಾಸಲ್ಲಿ ನಾಲ್ಕೈದು ಕೈ ಮೇಲೆದ್ದವು, ತಮಗೂ ಆಗಿದೆ ಅಂತ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ. ಅದಕ್ಕೆ ಸರಿಯಾದ ಉದಾಹರಣೆ ಲಡಾಖ್‌ನದ್ದು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಚೀನಾ ಗಡಿಯಲ್ಲಿ ನಮ್ಮ ಸೈನಿಕರು ಆಕಾಶದಲ್ಲಿ ಬೆಳಕು ಕಂಡಿದ್ದು 329 ಸಲ. ಡ್ರೋನ್ ಅಂತ ಅನುಮಾನ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರನ್ನು, ಅಂದರೆ ಗ್ರಹ ನಕ್ಷತ್ರಗಳ ವಿಜ್ಞಾನಿಗಳನ್ನು, ಕೇಳಿದರು. ಅವರು ಲೆಕ್ಕ ಹಾಕಿ ಹೇಳಿದ್ದು ಗುರು ಮತ್ತು ಶುಕ್ರ ಅಂತ. ಶುಕ್ರ ಅಂದರೆ ನಮ್ಮ ಹಿರಿಯರ ಬೆಳ್ಳಿಚುಕ್ಕಿ. ಟ್ರೇನಿಂಗ್ ಆದ ಕಣ್ಣು, ದಿನಾ ಡೈರಿ ಬರೆಯುವ ಶಿಸ್ತು, ಸುಳ್ಳು ಹೇಳಲು ಯಾವ ಕಾರಣವೂ ಇಲ್ಲ. ಆದರೂ ತಪ್ಪು. ಮಜಾ ಏನಂದರೆ ಅವರು ಟೈಮು, ದಿಕ್ಕು ನೀಟಾಗಿ ಬರೆದಿಟ್ಟಿದ್ದರಿಂದಲೇ ಗ್ರಹ ಅಂತ ಪತ್ತೆ ಮಾಡಲು ಆಯಿತು. ಒಳ್ಳೆಯ ಸಾಕ್ಷಿ ಅಂದರೆ ಇದೇ ಅಂತ ನನಗನಿಸಿತು. ತನ್ನ ತೀರ್ಮಾನ ತಪ್ಪು ಅಂತ ತೋರಿಸಲು ಬೇಕಾದ್ದನ್ನೂ ತಾನೇ ಬರೆದಿಟ್ಟವನು.

ಲೈ ಡಿಟೆಕ್ಟರ್, ಹಿಪ್ನಾಸಿಸ್ ಕ್ಲಾಸ್ ಗಡಿಬಿಡಿಯಲ್ಲಿ ಮುಗಿಸಿದರು, ಹೆಚ್ಚಿನವರು ಬಂದಿದ್ದೇ ಅದಕ್ಕೆ ಅನ್ನೋದು ಬೇರೆ ಮಾತು. 1975ರ ನವೆಂಬರ್ 5ರಂದು ಅರಿಜೋನಾದ ಕಾಡಲ್ಲಿ ಟ್ರಾವಿಸ್ ವಾಲ್ಟನ್ ಕಾಣೆಯಾದ. ಜೊತೆಗಿದ್ದ ಆರು ಜನ ಮರ ಕಡಿಯುವವರು, ತಟ್ಟೆಯಿಂದ ಬಂದ ಬೆಳಕು ಅವನಿಗೆ ಬಡಿಯಿತು ಅಂದರು. ಪೊಲೀಸರಿಗೆ ಕೊಲೆ ಅನುಮಾನ. ಪಾಲಿಗ್ರಾಫ್, ಅಂದರೆ ಲೈ ಡಿಟೆಕ್ಟರ್ ಪರೀಕ್ಷೆಯಲ್ಲಿ ಐವರು ಪಾಸ್, ಒಬ್ಬರದ್ದು ಏನೂ ಹೇಳಲು ಆಗಲಿಲ್ಲ. ಆದರೆ ಅವರಿಗೆ ಮುಖ್ಯವಾಗಿ ಕೇಳಿದ್ದು ನೀವು ಅವನಿಗೆ ಏನಾದರೂ ಮಾಡಿದಿರಾ ಅಂತ. ಐದು ದಿನ ಬಿಟ್ಟು ವಾಲ್ಟನ್ ಜೀವಂತ ಬಂದ. ಅವನಿಗೆ ಇವರು ಏನೂ ಮಾಡಿಲ್ಲ ಅನ್ನೋದು ನಿಜವೇ ಆಯಿತಲ್ಲ, ಅದರಿಂದ ತಟ್ಟೆ ಬಂತು ಅಂತ ಸಾಬೀತಾಗುತ್ತಾ? ನಮ್ಮಲ್ಲಂತೂ 2010ರ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸ್ ಆದಮೇಲೆ ಮಂಪರು ಪರೀಕ್ಷೆ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ರಿಸಲ್ಟನ್ನೇ ಸಾಕ್ಷ್ಯ ಅಂತ ಹಿಡಿಯುವ ಹಾಗಿಲ್ಲ. ಟಿವಿಯವರು ಇವತ್ತಿಗೂ 'ಮಂಪರು ಪರೀಕ್ಷೆಯಲ್ಲಿ ಸತ್ಯ ಬಯಲು' ಅಂತಾರೆ, ಅದು ಬೇರೆ ವಿಷಯ.

ಹಿಪ್ನಾಸಿಸ್‌ಗೆ ಉದಾಹರಣೆ, ಏಲಿಯನ್ ತಮ್ಮನ್ನು ಒಯ್ದಿತ್ತು ಅಂದ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ. 1961ರ ಸೆಪ್ಟೆಂಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ರಸ್ತೆಯಲ್ಲಿ ಆದದ್ದು, 1964ರಲ್ಲಿ ಬೋಸ್ಟನ್‌ನ ಡಾಕ್ಟರ್ ಬೆಂಜಮಿನ್ ಸೈಮನ್ ಹಿಪ್ನಾಸಿಸ್ ಮಾಡಿದಾಗ ವಿವರವಾಗಿ ಹೊರಬಂತು. ಹಿಪ್ನಾಸಿಸ್ ಮಾಡಿದ ಆ ಡಾಕ್ಟರೇ, ಗಂಡನ ನೆನಪು ಹೆಂಡತಿಯ ಕನಸುಗಳಿಂದ ಬಂದಿರಬೇಕು ಅಂದುಕೊಂಡಿದ್ದರು. ಹಿಪ್ನಾಸಿಸ್‌ನಲ್ಲಿ ನೆನಪಿನ ತೂತುಗಳನ್ನು ಮನಸ್ಸೇ ತುಂಬಿಕೊಳ್ಳುತ್ತದೆ, ಆಮೇಲೆ ಅದೇ ನಿಜ ಅಂತ ಗಟ್ಟಿಯಾಗುತ್ತದೆ, ಪಾಟೀ ಸವಾಲಿಗೂ ಅಲುಗುವುದಿಲ್ಲ. ಅಮೆರಿಕದ ಕೋರ್ಟುಗಳು ಇದಕ್ಕೇ ಹೆದರುತ್ತವೆ. 1987ರ ರಾಕ್ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಹಿಪ್ನಾಸಿಸ್ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಆರೋಪಿ ತನ್ನ ಪರ ಹೇಳುವ ಸಾಕ್ಷ್ಯವನ್ನು ಪೂರ್ತಿ ತಡೆಯಬೇಡಿ ಅಂದಿತು, ಅಷ್ಟು ಮಾತ್ರ. ಇಷ್ಟು ರಸವತ್ತಾದ ವಿಷಯಕ್ಕೆ ಇನ್ನೊಂದು ಗಂಟೆ ಬೇಕಿತ್ತು. ವಿಡಿಯೋಗೆ ಕೊಟ್ಟ ಟೈಮ್ ಇಲ್ಲಿಗೆ ಬರಬೇಕಿತ್ತು.

ಏಲಿಯನ್ ನೋಡಿದೆ ಅಂದವನನ್ನು ಹುಚ್ಚ ಅಂತ ಕಟಕಟೆಯಿಂದ ಇಳಿಸಬಹುದಾ ಅಂತ ನಾನೇ ಕೇಳಿದೆ. ಆಗಲ್ಲ. 124ನೇ ಕಲಮಿನ ಪ್ರಕಾರ ಮನಸ್ಸಿನ ಕಾಯಿಲೆ ಇದ್ದವರೂ ಸಾಕ್ಷಿ ಹೇಳಬಹುದು, ಪ್ರಶ್ನೆ ತಿಳಿದು ಸರಿಯಾಗಿ ಉತ್ತರಿಸಲು ಆ ಕಾಯಿಲೆ ಅಡ್ಡಿ ಆಗದಿದ್ದರೆ ಸಾಕು. ಮಾತಾಡಲು ಬಿಡೋದು ಒಂದು, ನಂಬೋದು ಇನ್ನೊಂದು.

ಈಗ ತಕರಾರು. ನೋಟ್ಸ್‌ನಲ್ಲಿ ಕಲಮುಗಳೆಲ್ಲ 1872ರ ಹಳೇ ಕಾಯ್ದೆಯವು. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ವಕೀಲರು ಬಾಯಲ್ಲಿ ಹೊಸ ನಂಬರ್ ಹೇಳುತ್ತಾರೆ, ಕೈಯಲ್ಲಿರುವ ಹಾಳೆಯಲ್ಲಿ ಹಳೇದು, 60, 118, 134 ಅಂತ. ದುಡ್ಡು ತಗೊಂಡು ಕಾನೂನು ಕ್ಲಾಸ್ ನಡೆಸುವವರು ಇದನ್ನು ಮಾಡಬಾರದು ರೀ. ನಾನೇ ಒಂದು ಸಂಜೆ ಕೂತು ಟೈಪ್ ಮಾಡಿಕೊಟ್ಟೇನು ಅಂದೆ, ನೋಡೋಣ ಅಂದರು. ಸ್ಲೈಡ್‌ಗಳು ಪೂರ್ತಿ ಇಂಗ್ಲಿಷ್, ಹಿಂದಿನ ಸಾಲಿಗೆ ಇರುವೆ ಹರಿದ ಹಾಗೆ. ಮಳೆ ಜೋರಾದರೆ ತಗಡಿನ ಸದ್ದಿಗೆ ಮೈಕ್ ಇದ್ದೂ ಇಲ್ಲದ ಹಾಗೆ, ಬೆಳಗಾವಿ ಮಳೆ ಗೊತ್ತಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ, ರಿಕ್ಷಾ ಹಿಡಿದು ಹೋಗೋದೇ ವಾಸಿ. ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲೇ ಉತ್ತರ ಕೊಟ್ಟದ್ದು ಒಳ್ಳೆಯದಾಯಿತು.

ಕೊನೆಯ ಕ್ಲಾಸ್ ಅಣಕು ವಿಚಾರಣೆ. ಕೇಸ್ ಏನು ಗೊತ್ತಾ? ವಿಮೆ ಮಾಡಿಸಿದ ಎಮ್ಮೆಯನ್ನು ಏಲಿಯನ್ ಎತ್ತಿಕೊಂಡು ಹೋಯಿತು, ವಿಮೆ ಕಂಪನಿ ದುಡ್ಡು ಕೊಡಲ್ಲ ಅನ್ನುತ್ತದೆ. ಪೊಲೀಸ್ ಹೇಳಿಕೆ ಟೈಪ್ ಮಾಡುವ ಕೆಲಸ ನನಗೆ ಬಂತು. ಅಭ್ಯಾಸಬಲ, ಪೊಲೀಸ್ ಕನ್ನಡದಲ್ಲೇ ಹೊಡೆದೆ: 'ಸದರಿ ಅನ್ಯಗ್ರಹ ಜೀವಿಯು ಸದರಿ ಎಮ್ಮೆಯನ್ನು ಎತ್ತಿಕೊಂಡು ಸದರಿ ಸ್ಥಳದಿಂದ ಮೇಲ್ಮುಖವಾಗಿ ಪರಾರಿಯಾಗಿರುತ್ತದೆ.' ಓದುವಾಗ ಜಡ್ಜ್ ಪಾತ್ರದವರೇ ನಕ್ಕುಬಿಟ್ಟರು. ಗದ್ದಲ ಜಾಸ್ತಿ ಆಯಿತು, ಎಲ್ಲರೂ ವಕೀಲರೇ ಆಗಲು ನೋಡಿದರು, ಅರ್ಧ ಸಾಕ್ಷಿಗಳ ವಿಚಾರಣೆಯೇ ಆಗಲಿಲ್ಲ. ಆದರೂ ತೀರ್ಪು ಚೆನ್ನಾಗಿ ಬಂತು. ಸಿವಿಲ್ ಸ್ವರೂಪದ ಕೇಸ್ ಆದ್ದರಿಂದ ಯಾವುದು ಹೆಚ್ಚು ಸಂಭವ ಅಂತ ನೋಡಿದರೆ ಸಾಕು. ಎಮ್ಮೆ ಇತ್ತು, ಈಗ ಇಲ್ಲ, ರೈತ ಮಾರಿಲ್ಲ, ಇಷ್ಟು ಸಾಬೀತು. ಪಾಲಿಸಿಯಲ್ಲಿ ಕಳವು ಸೇರಿದೆ. ಕದ್ದವರು ಯಾವ ಗ್ರಹದವರು ಅಂತ ತೀರ್ಮಾನ ಮಾಡುವ ಅಗತ್ಯ ಇಲ್ಲ, ಹಣ ಕೊಡಿ. ವಿಮೆ ಕಂಪನಿ ವಕೀಲನಾಗಿದ್ದ ನಮ್ಮ ಅನಗೋಳದ ಹುಡುಗ ಧಾರವಾಡ ಪೀಠಕ್ಕೆ ಹೋಗ್ತೀನಿ ಅಂತ ಕೂಗಾಡಿದ.

ಯಾರು ಸೇರಬಹುದು? ಜೂನಿಯರ್ ವಕೀಲರು, ಕ್ರೈಮ್ ಬರೆಯುವ ವರದಿಗಾರರು, ಕೋರ್ಟ್ ಸುತ್ತ ಬದುಕುವ ನಮ್ಮಂಥವರು ಕಣ್ಣು ಮುಚ್ಚಿಕೊಂಡು ಸೇರಿ. ಜಡ್ಜ್ ಪರೀಕ್ಷೆಗೆ ಓದುವವರು ಇದನ್ನೇ ನಂಬಿಕೊಂಡು ಬರಬೇಡಿ, ಸಿಲಬಸ್ ಮುಗಿಸುವ ಕ್ಲಾಸ್ ಅಲ್ಲ ಇದು. ಏಲಿಯನ್ ಇದೆ ಅಂತ ಯಾರಾದರೂ ಹೇಳಲಿ ಅಂತ ಕಾಯುವವರಿಗೆ ನಿರಾಸೆ ಗ್ಯಾರಂಟಿ. ಫೀ ಕಂತಲ್ಲಿ ಕೊಡಬಹುದು, ಕೇಳಿದರೆ ವಿದ್ಯಾರ್ಥಿಗಳಿಗೆ ಸ್ವಲ್ಪ ಬಿಡುತ್ತಾರೆ. ಮುಂದಿನ ಬ್ಯಾಚ್ ನಕಲಿ ಸಹಿ ಮತ್ತು ದಸ್ತಾವೇಜುಗಳ ಮೇಲೆ ಅಂತೆ. ಅದಕ್ಕೂ ಹೆಸರು ಬರೆಸಿದ್ದೇನೆ, ನೋಟ್ಸ್ ಹೊಸದು ಕೊಟ್ಟರೆ ಮಾತ್ರ ಎರಡನೇ ಕಂತು ಅಂತ ಹೇಳಿ ಬಂದಿದ್ದೇನೆ.